ಬ್ರೇಕ್ ಲೈಟಿಗೆ ಎಲ್‌ಇಡಿ ಹಾಕಿಸಿದ್ದು: ಆಟೋ ಕಾಂಪ್ಲೆಕ್ಸಿನ ವೈರಿಂಗ್ ಅಂಗಡಿ, ಒಂದು ಮಳೆಗಾಲ ಕಳೆದ ಮೇಲೆ

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಒಂದು ಪುಟ್ಟ ವೈರಿಂಗ್ ಅಂಗಡಿ ಇದೆ. ಬೋರ್ಡಿನ ಅಕ್ಷರ ಮಳೆಗೆ ಅಳಿಸಿಹೋಗಿದೆ. ಸುತ್ತಮುತ್ತಲಿನವರೆಲ್ಲ ಅವರನ್ನು ‘ವೈರಿಂಗ್ ಅಣ್ಣ’ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಕಳೆದ ವರ್ಷ ಜೂನ್‌ನಲ್ಲಿ ನನ್ನ ಕಾರಿನ ಹಿಂದಿನ ಬಲ್ಬುಗಳನ್ನು ಎಲ್‌ಇಡಿ ಮಾಡಿಸಿದ್ದು ಅಲ್ಲೇ. ಹಾಕಿಸಿದ ದಿನ ಯಾವ ಲೈಟಾದರೂ ಚೆನ್ನಾಗೇ ಕಾಣುತ್ತೆ ಅಲ್ವಾ? ಅದಕ್ಕೇ ಒಂದು ಮಳೆಗಾಲ ಪೂರ್ತಿ ಓಡಿಸಿ ಈಗ ಬರೆಯುತ್ತಿದ್ದೇನೆ.

ನನ್ನ ಮನೆ ತೀರ್ಥಹಳ್ಳಿ, ಕೆಲಸ ಶಿವಮೊಗ್ಗದಲ್ಲಿ. ವಾರಕ್ಕೆ ಮೂರು ದಿನ ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ಹೋಗಿ ಬರುತ್ತೇನೆ. ಮಳೆಗಾಲದಲ್ಲಿ ಆ ರಸ್ತೆಯಲ್ಲಿ ಸಂಜೆ ಐದೂವರೆಗೇ ಕತ್ತಲೆ. ಎರಡೂ ಕಡೆ ಮರ, ಒಂದು ಕಡೆ ತುಂಗೆ, ಮೇಲಿಂದ ಬಿಡದ ಮಳೆ. ಕಾರು ಜರ್ಮನ್ ಕಂಪನಿಯ ಸೆಡಾನ್, 2014ರ ಮಾಡೆಲ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಒಂದು ಸಂಜೆ ಮಂಡಗದ್ದೆ ಹತ್ತಿರ ದನ ಅಡ್ಡ ಬಂತು ಅಂತ ಬ್ರೇಕ್ ಹಾಕಿದೆ. ಹಿಂದೆ ಬರುತ್ತಿದ್ದ ಬೈಕಿನ ಹುಡುಗ ಜಾರಿ, ಹೇಗೋ ನಿಲ್ಲಿಸಿಕೊಂಡ. ಅವನು ಬೈಯಲಿಲ್ಲ. ಹತ್ತಿರ ಬಂದು, “ಅಕ್ಕಾ, ನೀವು ಬ್ರೇಕ್ ಹಾಕಿದ್ದೇ ಗೊತ್ತಾಗ್ಲಿಲ್ಲ. ನಿಮ್ಮ ಹಿಂದಿನ ಲೈಟ್ ಕಾಣ್ತಾನೇ ಇಲ್ಲ” ಅಂದ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮಾರನೇ ದಿನವೇ ಆನ್‌ಲೈನ್‌ನಲ್ಲಿ 2,200 ರೂಪಾಯಿ ಕೊಟ್ಟು ಹೊರಗಿನ ಎಲ್ಲ ಬಲ್ಬುಗಳ ಎಲ್‌ಇಡಿ ಸೆಟ್ ತರಿಸಿದೆ. ಭಾನುವಾರ ಭಾವ ಬಂದಾಗ ಇಬ್ಬರೂ ಸೇರಿ ಅಂಗಳದಲ್ಲಿ ಹಾಕಿದೆವು. ನಂಬರ್ ಪ್ಲೇಟಿನ ಎರಡರಲ್ಲಿ ಒಂದು ಹತ್ತಲೇ ಇಲ್ಲ. ತೆಗೆದು ತಿರುಗಿಸಿ ಹಾಕಿದಾಗ ಹತ್ತಿತು. ಎಲ್‌ಇಡಿಗೆ ಪ್ಲಸ್ಸು ಮೈನಸ್ಸು ಸರಿಯಾಗಿ ಸಿಗಬೇಕು, ಹಳೇ ಬಲ್ಬಿಗೆ ಹೇಗೆ ಹಾಕಿದರೂ ನಡೆಯುತ್ತಿತ್ತು. ಆದರೆ ಇಗ್ನಿಷನ್ ಆನ್ ಮಾಡಿದ ಕೂಡಲೇ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಬಲ್ಬಿನ ಗುರುತು ಬಂತು. ಇಂಡಿಕೇಟರ್ ಹಾಕಿದರೆ ಕೋಳಿ ಅಕ್ಕಿ ಹೆಕ್ಕಿದ ಹಾಗೆ ಟಕಟಕ ಅಂತ ಎರಡು ಪಟ್ಟು ವೇಗ. ಬ್ರೇಕ್ ಲೈಟ್ ಇನ್ನೂ ವಿಚಿತ್ರ. ಒತ್ತದೇ ಇದ್ದರೂ ಆಗಾಗ ಮಿಣಕ್ ಅಂತ ಒಂದು ಕ್ಷಣ ಹತ್ತಿ ಆರುತ್ತಿತ್ತು.

ಇದನ್ನು ಸರಿ ಮಾಡಿಸಲು ಮೊದಲು ಹೋಗಿದ್ದು ಬೇರೆ ಕಡೆ. ಹೆಸರು ಬೇಡ. ಅಲ್ಲಿ ಅರ್ಧ ಗಂಟೆಯಲ್ಲಿ ನಾಲ್ಕು ಚಿನ್ನದ ಬಣ್ಣದ ರೆಸಿಸ್ಟರ್ (ಕರೆಂಟ್ ಎಳೆದು ಶಾಖ ಮಾಡುವ ತುಣುಕು) ಹಾಕಿ ಕಳಿಸಿದರು. ಹಳದಿ ಗುರುತು ಹೋಯಿತು, ನನಗೂ ಖುಷಿಯಾಯಿತು. ನಾಲ್ಕನೇ ದಿನ ಶಿವಮೊಗ್ಗದ ಟ್ರಾಫಿಕ್‌ನಲ್ಲಿ ಬ್ರೇಕ್ ಒತ್ತಿಕೊಂಡೇ ನಿಂತು ನಿಂತು ಸಾಗುವಾಗ ಸುಟ್ಟ ವಾಸನೆ. ಡಿಕ್ಕಿ ತೆಗೆದು ನೋಡಿದರೆ ರೆಸಿಸ್ಟರನ್ನು ಟೇಲ್ ಲ್ಯಾಂಪಿನ ಹಿಂದಿನ ಪ್ಲಾಸ್ಟಿಕ್ಕಿಗೆ ಟೇಪಿನಿಂದ ಸುತ್ತಿದ್ದರು. ಪ್ಲಾಸ್ಟಿಕ್ ಕರಗಿ ಗುಳಿ ಬಿದ್ದಿತ್ತು. ಪಕ್ಕದಲ್ಲೇ ಮಗಳ ಸ್ಕೂಲ್ ಬ್ಯಾಗು. ಈಗ ನೆನೆಸಿಕೊಂಡರೂ ಮೈ ಜುಂ ಅನ್ನುತ್ತೆ.

ಹೀಗೆ ವೈರಿಂಗ್ ಅಣ್ಣನ ಹತ್ತಿರ ಹೋದೆ. ಅವರು ಮೊದಲು ಮಾಡಿದ ಕೆಲಸ ಅಂದರೆ ನನ್ನ ಎಲ್‌ಇಡಿ, ರೆಸಿಸ್ಟರ್ ಎಲ್ಲ ಬಿಚ್ಚಿ ಒಂದು ಡಬ್ಬಿಗೆ ಹಾಕಿದ್ದು. “ಹಳೇ ಬಲ್ಬ್ ಇಟ್ಕೊಂಡಿದೀರಾ ಮೇಡಂ?” ಅಂದರು. ಸದ್ಯ, ಭಾವ ಕವರಿನಲ್ಲಿ ಹಾಕಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟಿದ್ದರು. ಅಣ್ಣ ಹೋಲ್ಡರನ್ನು ಬೆಳಕಿಗೆ ಹಿಡಿದು ತೋರಿಸಿದರು. ಒಳಗೆಲ್ಲ ಹಸಿರು ಕಿಲುಬು. ಅರ್ಥ್ ವೈರಿನ ತುದಿಯೂ ಹಾಗೇ. ಮಲೆನಾಡಿನ ಗಾಡಿಗಳಲ್ಲಿ ಇದು ಮಾಮೂಲಿ ಅಂತೆ. ಲ್ಯಾಂಪಿನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತೆ, ಅಲ್ಲಿಂದ ತೇವ ಒಳಗೆ ಹೋಗುತ್ತೆ, ತಾಮ್ರ, ಹಿತ್ತಾಳೆಗೆ ಕಿಲುಬು ಹಿಡಿಯುತ್ತೆ. ಆಮೇಲೆ ಕರೆಂಟಿಗೆ ಸರಿಯಾದ ದಾರಿ ಇರಲ್ಲ. ಸ್ಯಾಂಡ್ ಪೇಪರಿನಿಂದ ಉಜ್ಜಿ, ಅರ್ಥ್ ಪಾಯಿಂಟ್ ಬಿಚ್ಚಿ ಹೊಳೆಯುವ ಹಾಗೆ ತಿಕ್ಕಿ ಮತ್ತೆ ಟೈಟ್ ಮಾಡಿದರು. ಲ್ಯಾಂಪಿನ ಗಾಜು ಪಾಲಿಶ್ ಮಾಡಿದರು. ಅದೇ ಹಳೇ ಬಲ್ಬ್ ಹಾಕಿ ಬ್ರೇಕ್ ಒತ್ತಿದಾಗ ಬೆಳಕು ಮುಂಚಿನದಕ್ಕಿಂತ ಎಷ್ಟೋ ಜಾಸ್ತಿ ಇತ್ತು.

“ನೋಡಿ ಮೇಡಂ, ನಿಮ್ಮ ಅರ್ಧ ಕೆಲಸ ಆಯ್ತು. ಬಲ್ಬ್ ಬದಲಿಸೋದು ಬೇಡ ಅಂದ್ರೆ ಇನ್ನೂರು ರೂಪಾಯಿ ಕೊಟ್ಟು ಹೋಗಬಹುದು” ಅಂದರು. ಎಲ್‌ಇಡಿ ಹಾಕಿಸಲಿಕ್ಕೇ ಬಂದ ಗಿರಾಕಿಗೆ ಹೀಗೆ ಹೇಳುವವರು ಎಷ್ಟು ಜನ ಸಿಗುತ್ತಾರೆ? ನನಗೆ ಅವರ ಮೇಲೆ ನಂಬಿಕೆ ಬಂದಿದ್ದು ಆ ಮಾತಿನಿಂದ.

ಆದರೂ ನನಗೆ ಬ್ರೇಕಿಗೆ ಎಲ್‌ಇಡಿ ಬೇಕೇ ಬೇಕಿತ್ತು. ಕಾರಣ ಬೆಳಕು ಮಾತ್ರ ಅಲ್ಲ. ಹಳೇ ಬಲ್ಬಿನ ತಂತಿ ಕಾದು ಪೂರ್ತಿ ಬೆಳಗಲು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತೆ. ಎಲ್‌ಇಡಿ ತಕ್ಷಣ ಹತ್ತುತ್ತೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹಿಂದಿನ ಗಾಡಿ ಅಷ್ಟು ಹೊತ್ತಿನಲ್ಲಿ ಮೂರು ಮೀಟರಿಗಿಂತ ಜಾಸ್ತಿ ಮುಂದೆ ಬಂದಿರುತ್ತೆ. ಮಂಡಗದ್ದೆಯ ಆ ಹುಡುಗನಿಗೂ ನನ್ನ ಕಾರಿಗೂ ನಡುವೆ ಉಳಿದಿದ್ದು ಅಷ್ಟು ಜಾಗವೂ ಅಲ್ಲ.

ಅಣ್ಣ ಮೀಟರ್ ಹಾಕಿ ತೋರಿಸಿದರು. ಹಳೇ ಬ್ರೇಕ್ ಬಲ್ಬ್ 21 ವ್ಯಾಟಿನದು, ಸುಮಾರು 1.8 ಆಂಪಿಯರ್ ಎಳೆಯುತ್ತಿತ್ತು. ನಾನು ತರಿಸಿದ ಎಲ್‌ಇಡಿ ಎಳೆದಿದ್ದು 0.2. ಕಾರಿನ ಕಂಟ್ರೋಲ್ ಬಾಕ್ಸಿಗೆ ಕಣ್ಣಿಲ್ಲ, ಬಲ್ಬ್ ಹತ್ತಿದೆಯೋ ಇಲ್ಲವೋ ಅದಕ್ಕೆ ಕಾಣಲ್ಲ. ಎಷ್ಟು ಕರೆಂಟ್ ಹೋಗುತ್ತಿದೆ ಅನ್ನುವುದೊಂದೇ ಅದಕ್ಕೆ ಗೊತ್ತು. ಕಡಿಮೆ ಹೋದರೆ ಬಲ್ಬ್ ಸುಟ್ಟಿದೆ ಅಂದುಕೊಂಡು ಹಳದಿ ಗುರುತು ಹಾಕುತ್ತೆ. ಇಂಡಿಕೇಟರ್ ಟಕಟಕ ಓಡುವುದೂ ಇದಕ್ಕೇ, ಸುಟ್ಟ ಬಲ್ಬಿನ ಸುದ್ದಿ ಡ್ರೈವರ್ ಕಿವಿಗೆ ಬೀಳಲಿ ಅಂತ. ಆ ಮಿಣಕ್ ಅನ್ನುವುದೂ ದೋಷ ಅಲ್ಲ. ಬ್ರೇಕ್ ಒತ್ತದೇ ಇದ್ದಾಗಲೂ ಕಂಟ್ರೋಲ್ ಬಾಕ್ಸ್ ಆಗಾಗ ಒಂದು ಪುಟ್ಟ ತುಣುಕು ಕರೆಂಟ್ ಕಳಿಸಿ ಬಲ್ಬ್ ಇದೆಯಾ ಅಂತ ಕೇಳುತ್ತೆ. ಅಷ್ಟು ಚೂರಿಗೆ ಹಳೇ ಬಲ್ಬಿನ ತಂತಿ ಬಿಸಿಯಾಗಲ್ಲ, ಎಲ್‌ಇಡಿ ಮಾತ್ರ ಹತ್ತಿಬಿಡುತ್ತೆ.

ಸ್ಕ್ಯಾನರ್ ಹಾಕಿ ಆ ಪರೀಕ್ಷೆಯನ್ನೇ ಆಫ್ ಮಾಡಬಹುದಲ್ಲ ಅಂತ ಕೇಳಿದೆ. ನನ್ನ ಕಾರಿನಲ್ಲಿ ಆಗುತ್ತೆ ಅಂದರು. ಆದರೆ ಮಾಡಲ್ಲ ಅಂದರು. “ನಾಳೆ ನಿಜವಾಗ್ಲೂ ಬಲ್ಬ್ ಹೋದ್ರೆ ನಿಮಗೆ ಹೇಳೋರು ಯಾರು?” ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಅಲ್ಲಿಯವರೆಗೆ ಆ ಹಳದಿ ಗುರುತು ನನಗೆ ಬರೀ ಕಿರಿಕಿರಿ. ಸುಮ್ನೆ ಹೋದರೆ ಸಾಕು ಅಂತ ಇದ್ದೆ. ಮಂಜಿನಲ್ಲಿ ನನ್ನ ಹಿಂದೆ ಬರುವವನ ಪರವಾಗಿ ಕಾರಿನೊಳಗೆ ಮಾತಾಡುವುದು ಅದೊಂದೇ ಅಂತ ಆಗ ಗೊತ್ತಾಯಿತು.

ಕೊನೆಗೆ ಮಾಡಿದ್ದು ಇಷ್ಟು. ಇಂಡಿಕೇಟರಿಗೆ ಹಳೇ 21 ವ್ಯಾಟ್ ಹಳದಿ ಬಲ್ಬುಗಳನ್ನೇ ವಾಪಸ್ ಹಾಕಿದರು. ಅವು ಸರಿಯಾಗಿಯೇ ಕಾಣುತ್ತವೆ. ಬಲ್ಬ್ ಹೋದರೆ ಟಕಟಕ ಅಂತ ಹೇಳುತ್ತವೆ. ಅದನ್ನು ಕಳೆದುಕೊಳ್ಳುವುದು ಬೇಡ ಅಂದರು, ನಾನೂ ಒಪ್ಪಿದೆ. ಹೆಡ್‌ಲೈಟ್ ಮುಟ್ಟಲೇ ಇಲ್ಲ. ಅದರ ಒಳಗಿನ ಕನ್ನಡಿ ಹಳೇ ಬಲ್ಬಿನ ತಂತಿ ಇರುವ ಜಾಗಕ್ಕೆ ತಕ್ಕ ಹಾಗೆ ಮಾಡಿದ್ದು, ಎಲ್‌ಇಡಿ ಹಾಕಿದರೆ ಬೆಳಕು ಚೆದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಮಂಜಿನ ನಡುವೆ ಅಂಥ ಬಿಳಿ ಲೈಟಿನ ಗಾಡಿ ಎದುರಾಗಿ ಕಣ್ಣು ಕತ್ತಲೆ ಬಂದಿದ್ದು ನನಗೇ ಅನುಭವ ಇದೆ.

ನಂಬರ್ ಪ್ಲೇಟಿಗೆ ಒಳಗೇ ಲೋಡ್, ಅಂದರೆ ಹಳೇ ಬಲ್ಬಿನಷ್ಟೇ ಕರೆಂಟ್ ಎಳೆಯುವ ಭಾಗ, ಇರುವ ಸಣ್ಣ ಬಿಳಿ ಎಲ್‌ಇಡಿ ಎರಡು. ಅಲ್ಲಿ ಬೇಕಾಗಿದ್ದು ಬರೀ 5 ವ್ಯಾಟಿನ ಲೋಡ್, ಅಷ್ಟು ಬಲ್ಬಿನೊಳಗೇ ಹಿಡಿಯುತ್ತೆ. ಬ್ರೇಕ್ ಮತ್ತು ಟೇಲ್ ಒಂದೇ ಡಬಲ್ ಕಾಂಟ್ಯಾಕ್ಟ್ ಬಲ್ಬ್, ಅಂದರೆ ಎರಡಕ್ಕೂ ಬೇರೆ ಬೇರೆ ಸಂಪರ್ಕ ಇರುವ ಒಂದೇ ಬಲ್ಬ್. ನಾನು ತರಿಸಿದ್ದು ಬಿಳಿ ಬೆಳಕಿನದು. ಕೆಂಪು ಗಾಜಿನ ಹಿಂದೆ ಹಾಕಿದರೆ ಗುಲಾಬಿ ಬಣ್ಣಕ್ಕೆ ತಿರುಗಿ ಮಂಕಾಗುತ್ತೆ ಅಂತ ಅವರು ಕೆಂಪು ಎಲ್‌ಇಡಿಯನ್ನೇ ಹಾಕಿದರು. ಎರಡನ್ನೂ ಪಕ್ಕಪಕ್ಕ ಹಾಕಿ ತೋರಿಸಿದಾಗ ವ್ಯತ್ಯಾಸ ಹತ್ತು ಮಾರು ದೂರದಿಂದಲೇ ಕಂಡಿತು.

ಬ್ರೇಕಿಗಾದರೆ ಹೊರಗಿನ ರೆಸಿಸ್ಟರ್ ಬೇಕೇ ಬೇಕಾಯಿತು. 6 ಓಮ್, ಮೇಲೆ 50 ವ್ಯಾಟ್ ಅಂತ ಬರೆದಿರುತ್ತೆ. ಬಲ್ಬಿಗೆ ಪ್ಯಾರಲಲ್ ಆಗಿ, ಅಂದರೆ ಕರೆಂಟಿಗೆ ಪಕ್ಕದ ಇನ್ನೊಂದು ದಾರಿಯಾಗಿ ಕೂತು, ಎಲ್‌ಇಡಿ ಎಳೆಯದ ಕರೆಂಟನ್ನು ತಾನು ಎಳೆಯುತ್ತೆ. 12 ವೋಲ್ಟಿಗೆ 2 ಆಂಪಿಯರ್ ಎಳೆದು 24 ವ್ಯಾಟನ್ನು ಬರೀ ಶಾಖ ಮಾಡುತ್ತೆ, ಇಂಜಿನ್ ಓಡುವಾಗ ಇನ್ನೂ ಜಾಸ್ತಿ. ಎಲ್‌ಇಡಿ ಹಾಕಿದರೆ ಬ್ಯಾಟರಿ ಉಳಿಯುತ್ತೆ ಅನ್ನುವ ಮಾತು ಇಲ್ಲಿಗೆ ಮುಗಿಯಿತು. ಘಾಟಿ ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟೇ ಹೋಗುತ್ತೇವಲ್ಲ, ಆಗ ಅದನ್ನು ಮುಟ್ಟಿದರೆ ಕೈ ಸುಡುತ್ತೆ. ಅದಕ್ಕೇ ಅಣ್ಣ ಅದನ್ನು ಡಿಕ್ಕಿಯ ಒಳಗೆ ಬಾಡಿಯ ತಗಡಿಗೆ ಸ್ಕ್ರೂ ಹಾಕಿ ಕೂರಿಸಿದರು. ಸುತ್ತ ಪ್ಲಾಸ್ಟಿಕ್, ಬಟ್ಟೆ, ವೈರು ಏನೂ ತಾಗದ ಹಾಗೆ ನೋಡಿಕೊಂಡರು. ಕಾರಿನ ಮೂಲ ವೈರ್ ಕತ್ತರಿಸಲಿಲ್ಲ. ವೈರನ್ನು ಕಚ್ಚಿ ಹಿಡಿಯುವ ಕ್ಲಿಪ್ಪನ್ನೂ ಹಾಕಲಿಲ್ಲ, ಅದರೊಳಗೆ ನಮ್ಮ ಮಳೆಗೆ ಎರಡೇ ವರ್ಷದಲ್ಲಿ ಕಿಲುಬು ಬರುತ್ತೆ ಅಂತೆ. ಬೇರೆ ಹೋಲ್ಡರಿನಿಂದ ನಡುವೆ ಕೂರುವ ಒಂದು ತುಂಡು ಜೋಡಣೆ ಮಾಡಿ, ಬೆಸುಗೆ ಹಾಕಿ, ಮೇಲೆ ಸ್ಲೀವ್ ಏರಿಸಿದರು. ಕಾರನ್ನು ಮಾರುವಾಗ ಬೇಕಾದರೆ ಎಲ್ಲ ಬಿಚ್ಚಿ ಮೊದಲಿನ ಹಾಗೆ ಮಾಡಬಹುದು. ರಿವರ್ಸ್ ಲೈಟ್ ನನ್ನ ಕಾರಿಗೆ ಒಂದೇ, ಅದಕ್ಕೂ ಇದೇ ರೀತಿ. ತೋಟದ ದಾರಿಯಲ್ಲಿ ರಾತ್ರಿ ಹಿಂದಕ್ಕೆ ತಗೊಳ್ಳುವಾಗ ಈಗ ಚರಂಡಿ ಅಂಚು ಸ್ಪಷ್ಟ ಕಾಣುತ್ತೆ. ನನಗೆ ದಿನಾ ಉಪಯೋಗಕ್ಕೆ ಬರುತ್ತಿರುವುದು ಇದೇ.

ಖರ್ಚು: ಕೆಂಪು ಎಲ್‌ಇಡಿ ಎರಡಕ್ಕೆ 700, ನಂಬರ್ ಪ್ಲೇಟಿಗೆ 200, ರಿವರ್ಸಿಗೆ 300, ರೆಸಿಸ್ಟರ್ ಮೂರಕ್ಕೆ 360, ಲ್ಯಾಂಪಿನ ಹೊಸ ರಬ್ಬರ್ 240, ಕೂಲಿ 900. ಒಟ್ಟು 2,700 ರೂಪಾಯಿ. ಬೆಳಗ್ಗೆ ಹನ್ನೊಂದಕ್ಕೆ ಹೋದವಳು ಬಿಟ್ಟಾಗ ನಾಲ್ಕೂವರೆ.

ಕೊರತೆಗಳನ್ನೂ ಹೇಳಬೇಕು. ಕೂರಲು ಸರಿಯಾದ ಜಾಗ ಇಲ್ಲ, ಹೆಂಗಸರಿಗೆ ಶೌಚಾಲಯ ಇಲ್ಲ. ಅರ್ಧ ದಿನ ಕಾಯುವ ಕಡೆ ಇದು ಸಣ್ಣ ವಿಷಯ ಅಲ್ಲ. ಬಿಲ್ ಕೇಳಿದ ಮೇಲೆ ಕೈಯಲ್ಲಿ ಬರೆದು ಕೊಟ್ಟರು. ಮೂರು ತಿಂಗಳ ಗ್ಯಾರಂಟಿ ಬಾಯಿ ಮಾತಿನದು. ಅದನ್ನು ಉಳಿಸಿಕೊಂಡರು ಅನ್ನುವುದೂ ನಿಜ. ಆಗಸ್ಟಿನಲ್ಲಿ ನಂಬರ್ ಪ್ಲೇಟಿನ ಒಂದು ಎಲ್‌ಇಡಿ ಹೋದಾಗ ದುಡ್ಡು ತಗೊಳ್ಳದೆ ಬದಲಿಸಿದರು. ಇನ್ನೊಂದು, ಹಳೇ ಬಲ್ಬಿನ ಬಿಸಿಗೆ ಲ್ಯಾಂಪಿನ ಒಳಗಿನ ತೇವ ಆರುತ್ತಿತ್ತು, ಎಲ್‌ಇಡಿಗೆ ಆ ಬಿಸಿ ಇಲ್ಲ. ಹೊಸ ರಬ್ಬರ್ ಹಾಕಿದ್ದರೂ ಜುಲೈನಲ್ಲಿ ಆಗುಂಬೆಗೆ ಹೋಗಿ ಬಂದ ಮೇಲೆ ಎಡಗಡೆ ಗಾಜಿನ ಒಳಗೆ ಎರಡು ದಿನ ಮಂಜು ಕೂತಿತ್ತು. ಮಲೆನಾಡಿನವರು ಎಲ್‌ಇಡಿ ಹಾಕಿಸುವುದಾದರೆ ರಬ್ಬರ್ ಬದಲಿಸದೇ ಹಾಕಿಸಬೇಡಿ.

ಒಂದು ವಿಷಯವನ್ನು ಅಣ್ಣ ಮುಚ್ಚಿಡದೆ ಹೇಳಿದರು. ರೆಸಿಸ್ಟರ್ ಹಾಕಿದ ಮೇಲೆ ಬ್ರೇಕಿನ ಎಲ್‌ಇಡಿ ಸುಟ್ಟುಹೋದರೂ ರೆಸಿಸ್ಟರ್ ಕರೆಂಟ್ ಎಳೆಯುತ್ತಲೇ ಇರುತ್ತೆ. ಕಾರು ಎಲ್ಲ ಸರಿ ಇದೆ ಅಂದುಕೊಳ್ಳುತ್ತೆ. ಅಂದರೆ ಆ ಎರಡು ದೀಪಗಳ ವಿಷಯದಲ್ಲಿ ಹಳದಿ ಗುರುತನ್ನು ನಂಬುವ ಹಾಗಿಲ್ಲ. “ಇದಕ್ಕೆ ಒಪ್ಪಿದ್ರೆ ಮಾತ್ರ ಹಾಕ್ತೀನಿ. ದಿನಾ ಗೋಡೆ ನೋಡ್ಬೇಕು” ಅಂದರು. ಒಪ್ಪಿದೆ. ನಮ್ಮ ಮನೆಯ ಶೆಡ್ಡಿನ ಹಿಂದೆ ಸುಣ್ಣ ಹೊಡೆದ ಗೋಡೆ ಇದೆ. ಬೆಳಗ್ಗೆ ಹೊರಡುವ ಮುಂಚೆ ಬ್ರೇಕ್ ಒತ್ತಿ ಕನ್ನಡಿಯಲ್ಲಿ ನೋಡುತ್ತೇನೆ, ಗೋಡೆಯ ಮೇಲೆ ಎರಡು ಕೆಂಪು ಗುರುತು ಬಿದ್ದಿರಬೇಕು. ಶಿವಮೊಗ್ಗದಿಂದ ಸಂಜೆ ವಾಪಸ್ ಹೊರಡುವಾಗ ಹಿಂದೆ ಯಾವುದಾದರೂ ಅಂಗಡಿಯ ಗಾಜು ಸಿಗುತ್ತೆ. ಮಗಳು ಜೊತೆಗಿದ್ದರೆ ಅವಳೇ ಇಳಿದು ಹಿಂದೆ ನಿಂತು “ಎರಡೂ ಇದೆ ಅಮ್ಮಾ, ಮೇಲಿಂದೂ ಇದೆ” ಅಂತ ಕೂಗುತ್ತಾಳೆ. ಮೇಲಿಂದು ಅಂದರೆ ಮೇಲಿರುವ ಮೂರನೇ ಬ್ರೇಕ್ ಲೈಟ್. ಹನ್ನೊಂದು ತಿಂಗಳಲ್ಲಿ ಬ್ರೇಕ್ ಲೈಟ್ ಒಂದು ದಿನವೂ ಕೈಕೊಟ್ಟಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಸುಳ್ಳು ಗುರುತೂ ಬಂದಿಲ್ಲ.

ಮುಂದಿನ ವಾರ ಮಳೆ ಹಿಡಿಯುವ ಮುಂಚೆ ಹೋಲ್ಡರಿನ ಕಿಲುಬು, ರೆಸಿಸ್ಟರಿನ ಸ್ಕ್ರೂ ನೋಡಿಸಲು ಮತ್ತೆ ಅಲ್ಲಿಗೇ ಹೋಗುತ್ತಿದ್ದೇನೆ. ನೀವು ಹೋಗುವುದಾದರೆ ಬೆಳಗ್ಗೆ ಹತ್ತರೊಳಗೆ ಹೋಗಿ, ಹಳೇ ಬಲ್ಬುಗಳನ್ನು ಬಿಸಾಡದೆ ಜೊತೆಗೆ ಒಯ್ಯಿರಿ.