ಮಳೆಯ ಜುಲೈನಲ್ಲಿ ನಡಿಗೆ: ಗೌಯಾ ಲೇಸೋ, ಲಾಹೆಮಾ ಲೇಸೋ?

ಬಾಲ್ಟಿಕ್ ನಾಡುಗಳಲ್ಲಿ ಜುಲೈ, ಆಗಸ್ಟ್ ಬೇಸಿಗೆಯಾದರೂ ಮಳೆ ಹೆಚ್ಚು ಬೀಳುವ ತಿಂಗಳುಗಳೂ ಅವೇ ಆದ್ದರಿಂದ, ಬೆನ್ನುಚೀಲ ಹೊತ್ತು ನಡೆಯುವವರು ಲಾಟ್ವಿಯಾದ ಗೌಯಾ ಮತ್ತು ಎಸ್ಟೋನಿಯಾದ ಲಾಹೆಮಾ ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದನ್ನು ಆರಿಸುವಾಗ ನೋಟಕ್ಕಿಂತ ಮೊದಲು ಸೂರಿನ ಬಗ್ಗೆ ಯೋಚಿಸುವುದು ಒಳ್ಳೆಯದು.

ಗೌಯಾದ ದೊಡ್ಡ ಅನುಕೂಲವೆಂದರೆ ರೈಲು. ಲಾಟ್ವಿಯಾದ ರಾಜಧಾನಿ ರೀಗಾದಿಂದ ಹೊರಡುವ ಒಂದೇ ಮಾರ್ಗದಲ್ಲಿ ಉದ್ಯಾನದ ಪಟ್ಟಣಗಳಾದ ಸಿಗುಲ್ದಾ, ತ್ಸೇಸಿಸ್ ಎರಡೂ ಸಿಗುವುದರಿಂದ, ಮಳೆ ಬಿಡದಿದ್ದರೆ ನಡಿಗೆಯನ್ನು ಅರ್ಧಕ್ಕೆ ನಿಲ್ಲಿಸಿ ನಗರಕ್ಕೆ ಮರಳಿ, ಜೆಪ್ಪೆಲಿನ್ ವಾಯುನೌಕೆಗಳ ಹಳೆಯ ಹ್ಯಾಂಗರ್‌ಗಳನ್ನು ಬಳಸಿ ಕಟ್ಟಿದ ಕೇಂದ್ರ ಮಾರುಕಟ್ಟೆಯಲ್ಲಿ ಹೊಗೆಯಲ್ಲಿ ಹದಗೊಳಿಸಿದ ಮೀನು, ಕಪ್ಪು ರೈ ಬ್ರೆಡ್ಡು, ಹುಳಿಬರಿಸಿದ ಎಲೆಕೋಸುಗಳ ನಡುವೆ ಅರ್ಧ ದಿನ ನೆನೆಯದೆ ಕಳೆಯಬಹುದು. ಆದರೆ ಗೌಯಾ ನದಿಯಂಚಿನ ಮರಳುಗಲ್ಲಿನ ಬಂಡೆಗಳ ಬಳಿ ಏರಿಳಿಯುವ ಹಾದಿ ಒದ್ದೆಯಾದಾಗ ಜಾರುತ್ತದೆ.

ಲಾಹೆಮಾ ಬಹುಮಟ್ಟಿಗೆ ಸಮತಟ್ಟು. ವಿರು ಜೌಗಿನ ಹಲಗೆಹಾದಿಯ ಇಕ್ಕೆಲಗಳಲ್ಲಿ ಕುಳ್ಳ ಪೈನ್ ಮರಗಳೂ ಕಪ್ಪು ನೀರಿನ ಹೊಂಡಗಳೂ ಇದ್ದು, ಬಿಸಿಲಿಗಿಂತ ತುಂತುರಿನಲ್ಲೇ ಅವು ಚೆನ್ನ ಎನ್ನುವವನು ನಾನು. ಸರ್ಕಾರಿ ಅರಣ್ಯ ಸಂಸ್ಥೆಯ ಉಚಿತ ಬಿಡಾರತಾಣಗಳೂ ಇವೆ. ಬಸ್ಸುಗಳು ಮಾತ್ರ ವಿರಳ. ಮಳೆಗೆ ಬೇಸತ್ತು ಎಸ್ಟೋನಿಯಾದ ರಾಜಧಾನಿ ತಾಲಿನ್‌ಗೆ ಮರಳಿದರೆ, ಅಲ್ಲಿನ ಕೋಟೆಗೋಡೆಯ ಹಳೆಯ ಪಟ್ಟಣವನ್ನು ನಡೆದೇ ನೋಡಿ ಮುಗಿಸಬಹುದು.

ಗುಡಾರವಿಲ್ಲದವರಿಗೆ ಗೌಯಾ, ಒಳ್ಳೆಯ ಗುಡಾರವಿದ್ದವರಿಗೆ ಲಾಹೆಮಾ ಎಂಬುದು ನನ್ನ ಸಲಹೆ. ಎರಡೂ ಕಡೆ ಹುಲ್ಲಿನಲ್ಲಿ ರೋಗ ಹರಡುವ ಉಣ್ಣೆಗಳಿರುವುದರಿಂದ, ಮಳೆಯಿರಲಿ ಬಿಡಲಿ, ಉದ್ದ ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಂಡೇ ನಡೆಯಬೇಕು.