ರೋಟಾಹೇಲರ್, ನೆಬುಲೈಜರ್, ಸ್ಪೇಸರ್: ಒಬ್ಬಳೇ ಬಸ್ ಹತ್ತಲು ಯಾವುದು ಬೇಕು?

ಗಂಗಾವತಿಯಲ್ಲಿ ದಮ್ಮು (ಅಸ್ತಮಾ) ಇದ್ದವರ ಕ್ಯಾಲೆಂಡರ್ ಭತ್ತದ ಕ್ಯಾಲೆಂಡರ್. ನವೆಂಬರ್ ಬಂತೆಂದರೆ ಗದ್ದೆಯಲ್ಲಿ ಕಟಾವು ಮಷಿನ್ ಎಬ್ಬಿಸುವ ಧೂಳು, ಆಮೇಲೆ ಹುಲ್ಲಿಗೆ ಹಚ್ಚಿದ ಬೆಂಕಿಯ ಹೊಗೆ. ರೈಸ್ ಮಿಲ್ಲುಗಳ ಹೊಟ್ಟು ಇದ್ದೇ ಇದೆ. ಬೇಸಿಗೆ ಬೆಳೆ ಕೊಯ್ಯುವಾಗ ಮತ್ತೆ ಅದೇ ಕಥೆ. ನಾನು ಶಾಲೆ ಟೀಚರ್, ದಿನಾ ಬಸ್ಸಿನಲ್ಲಿ ಹಳ್ಳಿಗೆ ಹೋಗಿ ಬರಬೇಕು. ಅವ್ವನದು ಒಂದೇ ಮಾತು: "ಒಬ್ಬಾಕಿ ಹೋಗಬ್ಯಾಡ, ತಮ್ಮನ ಬೈಕಿನ್ಯಾಗ ಹೋಗು." ನಲವತ್ತು ದಾಟಿದ ಮೇಲೂ ತಮ್ಮನ ಹಿಂದೆ ಕೂತು ಶಾಲೆಗೆ ಹೋಗಬೇಕಾ?

ಮೂರು ಸಾಧನಗಳನ್ನೂ ವರ್ಷಗಟ್ಟಲೆ ಬಳಸಿದ್ದೇನೆ. ನನ್ನ ಅಳತೆಗೋಲು ಒಂದೇ: ಇದೊಂದು ಚೀಲದಲ್ಲಿದ್ದರೆ ಒಬ್ಬಳೇ ಹೊರಡಬಹುದಾ? (ಮೃಗಶಿರ ಮಳೆ ಹೊತ್ತಿಗೆ ಹೈದರಾಬಾದಿಗೆ ಹೋಗಿ ದಮ್ಮಿಗೆಂದು ಕೊಡುವ ಮೀನು ನುಂಗಿಯೂ ಬಂದಿದ್ದೇನೆ. ಅದನ್ನು ಈ ಲೆಕ್ಕಕ್ಕೆ ಹಿಡಿದಿಲ್ಲ.)

ಮೊದಲು ರೋಟಾಹೇಲರ್, ಪುಡಿ ಔಷಧಿಯನ್ನು ಬಾಯಿಂದ ಎಳೆದುಕೊಳ್ಳುವ ಪುಟ್ಟ ಸಾಧನ. ಕ್ಯಾಪ್ಸೂಲ್ ಹಾಕು, ತಿರುಗಿಸು, ಎಳೆ. ಅಷ್ಟೇ. ಪರ್ಸಿನ ಮೂಲೆಯಲ್ಲಿ ಕೂರುತ್ತದೆ, ಯಾರಿಗೂ ಕಾಣುವುದಿಲ್ಲ. ಆರಾಮಿದ್ದ ದಿನ ಇದರಷ್ಟು ಸಲೀಸು ಬೇರೆ ಇಲ್ಲ. ಆದರೆ ಪುಡಿ ಎದೆಗೆ ಇಳಿಯಬೇಕಾದರೆ ನಾವೇ ಜೋರಾಗಿ, ಆಳವಾಗಿ ಎಳೆಯಬೇಕು. ಒಂದು ಡಿಸೆಂಬರ್ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ದಮ್ಮು ಹತ್ತಿತು. ಎಳೆಯೋಕೆ ಉಸಿರೇ ಇಲ್ಲ. ಎರಡು ಕ್ಯಾಪ್ಸೂಲ್ ಹಾಕಿದೆ, ಅರ್ಧ ಪುಡಿ ಒಳಗೇ ಉಳಿಯಿತು. ಹೂ ಮಾರುವ ಅಮ್ಮ ನೀರು ಕೊಟ್ಟು, ಬೆನ್ನು ನೀವಿ, ಆಟೋ ಹತ್ತಿಸಿದರು. ಉಸಿರು ಕಡಿಮೆಯಾದಾಗಲೇ ಹೆಚ್ಚು ಉಸಿರು ಕೇಳುವ ಸಾಧನವನ್ನು ಏನೆಂದು ನಂಬಲಿ?

ಆಮೇಲೆ ಮನೆಗೆ ನೆಬುಲೈಜರ್ ಬಂತು, ಔಷಧಿಯನ್ನು ಹೊಗೆಯಂತೆ ಮಾಡಿ ಕೊಡುವ ಮಷಿನ್. ಅವ್ವನಿಗೆ ಬಲು ಇಷ್ಟ. ಹೊಗೆ ಕಣ್ಣಿಗೆ ಕಂಡರೆ ಔಷಧಿ ಹೋಯಿತು ಅಂತ ಅವಳಿಗೆ ಧೈರ್ಯ. ನನಗೂ ಹಿತವೇ. ಮಾಸ್ಕ್ ಹಾಕಿಕೊಂಡು ಹತ್ತು ನಿಮಿಷ ಸುಮ್ನೆ ಉಸಿರಾಡಿದರೆ ಸಾಕು. ಆದರೆ ಅದಕ್ಕೆ ಕರೆಂಟ್ ಬೇಕು, ಪ್ರತಿ ಸಲ ತೊಳೆದು ಒಣಗಿಸಬೇಕು, ಸದ್ದು ಪಕ್ಕದ ಮನೆಗೂ ಕೇಳುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ನನಗೆ ತಡವಾಗಿ ಗೊತ್ತಾಯಿತು. ಮಷಿನ್ ಇಲ್ಲದ ಕಡೆ ನಾನು ರಾತ್ರಿ ಉಳಿಯುವುದನ್ನೇ ಬಿಟ್ಟಿದ್ದೆ. ಅಕ್ಕನ ಮಗಳ ಮದುವೆಗೆ ಹೋಗಿ ಊಟ ಮಾಡಿ ಓಡಿ ಬಂದೆ. ಡಾಕ್ಟರು ಬೈದದ್ದು ಬೇರೆ ವಿಷಯಕ್ಕೆ: ಪದೇ ಪದೇ ಹೊಗೆ ತಗೊಳ್ಳಬೇಕಾಗಿದೆ ಅಂದರೆ ದಮ್ಮು ಬಾರದಂತೆ ತಡೆಯುವ ಬೆಳಿಗ್ಗೆ-ಸಂಜೆಯ ಸ್ಟೆರಾಯ್ಡ್ ಪಂಪು (ಇನ್ಹೇಲರ್) ಸರಿಯಾಗಿ ನಡೆಯುತ್ತಿಲ್ಲ ಅಂತ. ನಿಜ. ಆರಾಮಿದ್ದಾಗ ಬಿಟ್ಟುಬಿಡುತ್ತಿದ್ದೆ.

ಈಗ ನನ್ನ ಜೊತೆ ಇರುವುದು ಸ್ಪ್ರೇ ಪಂಪು ಮತ್ತು ಸ್ಪೇಸರ್. ಸ್ಪೇಸರ್ ಅಂದರೆ ಪ್ಲಾಸ್ಟಿಕ್ ಡಬ್ಬಿ, ಬಾಯಿಗೂ ಪಂಪಿಗೂ ನಡುವೆ. ಪಂಪು ಒತ್ತುವ ಕ್ಷಣಕ್ಕೆ ಸರಿಯಾಗಿ ಉಸಿರು ಎಳೆಯುವ ಕಸರತ್ತು ಇದರಲ್ಲಿಲ್ಲ. ಒಂದು ಪಫ್ ಒತ್ತಿ, ನಾಲ್ಕೈದು ಸಲ ಸಾಧಾರಣವಾಗಿ ಉಸಿರಾಡಿದರೆ ಆಯಿತು. ನೆಬುಲೈಜರಿನ ಒಂದು ಸಲದ ಔಷಧಿ 2.5 ಮಿಲಿಗ್ರಾಂ, ದಮ್ಮು ಹತ್ತಿದಾಗ ತಗೊಳ್ಳುವ ನೀಲಿ ಪಂಪಿನ ಒಂದು ಪಫ್ 100 ಮೈಕ್ರೋಗ್ರಾಂ. ಹಾಗಂತ ಇದು ಕಡಿಮೆ ಅಲ್ಲ, ಅಲ್ಲಿ ಬಹಳಷ್ಟು ಹೊಗೆಯಾಗಿ ಗಾಳಿಗೆ ಹೋಗುತ್ತದೆ. ನನ್ನ ಡಾಕ್ಟರು ನನಗೆಂದು ಚೀಟಿ ಬರೆದುಕೊಟ್ಟಿದ್ದಾರೆ: ಒಂದೊಂದಾಗಿ ನಾಲ್ಕು ಪಫ್, 20 ನಿಮಿಷ ಕಾಯುವುದು, ಮತ್ತೆ ನಾಲ್ಕು. ಆಗಲೂ ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ 108ಕ್ಕೆ ಫೋನ್.

ಕೊರತೆಯೂ ಇದೆ. ಪರ್ಸಿನಲ್ಲಿ ಹಿಡಿಸುವುದಿಲ್ಲ. ಊಟದ ಡಬ್ಬಿ ಚೀಲದಲ್ಲಿ ಒಯ್ಯುತ್ತೇನೆ, ಬಸ್ಸಿನಲ್ಲಿ ತೆಗೆದರೆ ಎಲ್ಲರ ಕಣ್ಣು ಇತ್ತಲೇ. "ಪಂಪು ಚಟ ಆಗ್ತೈತ್ರಿ ಅಕ್ಕಾರ" ಅಂತ ಹೇಳುವವರು ಒಬ್ಬರಾದರೂ ಇರುತ್ತಾರೆ. ಇನ್ನೊಂದು ಮಾತು: ಸೋಪಿನ ನೀರಲ್ಲಿ ತೊಳೆದ ಮೇಲೆ ಬಟ್ಟೆಯಿಂದ ಒರೆಸಬೇಡಿ, ಹಾಗೇ ಒಣಗಲಿ. ಒರೆಸಿದರೆ ಔಷಧಿ ಡಬ್ಬಿಯ ಗೋಡೆಗೇ ಅಂಟುತ್ತದೆ. ನಾನು ತಿಂಗಳುಗಟ್ಟಲೆ ಸೆರಗಿನಲ್ಲಿ ಒರೆಸಿದ್ದೇ ಒರೆಸಿದ್ದು.

ನೆಬುಲೈಜರ್ ಮಾರಿಲ್ಲ, ಕಪಾಟಿನ ಮೇಲಿದೆ. ಅವ್ವ ದಿನಾ ಅದರ ಧೂಳು ಒರೆಸುತ್ತಾಳೆ. ಅವಳನ್ನು ಒಪ್ಪಿಸಿದ್ದು ಈ ಮೂರರಲ್ಲಿ ಯಾವುದೂ ಅಲ್ಲ, ಉಸಿರಿನ ಬಿರುಸು ಅಳೆಯುವ, ಪೀಕ್ ಫ್ಲೋ ಮೀಟರ್ ಎಂಬ ಊದುವ ಕೊಳವೆ. ನನ್ನ ಅತಿ ಒಳ್ಳೆಯ ಅಂಕ 380. ಅದರ ನೂರಕ್ಕೆ 80ರಷ್ಟು ಬಂದರೆ ಸರಿ, ಅರ್ಧಕ್ಕಿಂತ ಕೆಳಗೆ ಹೋದರೆ ಆಸ್ಪತ್ರೆ. ಮೊದಲು "ಹೆಂಗದೀ?" ಅಂತ ಹತ್ತು ಸಲ ಕೇಳುತ್ತಿದ್ದವಳು ಈಗ ಬೆಳಿಗ್ಗೆ ಒಂದೇ ಸಲ "ಎಷ್ಟು ಬಂತು?" ಅನ್ನುತ್ತಾಳೆ. 340 ಅಂದರೆ ಚಹಾ ಕೊಟ್ಟು ಕಳಿಸುತ್ತಾಳೆ. 300ಕ್ಕಿಂತ ಕೆಳಗೆ ಬಂದ ದಿನ ತಮ್ಮನ ಬೈಕು ಬಾಗಿಲಲ್ಲಿ ನಿಂತಿರುತ್ತದೆ. ಆ ದಿನ ನಾನೂ ಜಗಳ ತೆಗೆಯುವುದಿಲ್ಲ.