ಅಂಟುವಾಳದ ನೀರು: ಬೇಸಿಗೆಯಲ್ಲಿ ಸೈ, ಮಳೆಗಾಲದಲ್ಲಿ ತಲೆನೋವು

ಅಂಟುವಾಳದಿಂದ ಪಾತ್ರೆ ತೊಳೆಯುವ ಲಿಕ್ವಿಡ್ ಮಾಡುವುದು ಹೇಗೆ ಅಂತ ಹುಡುಕಿದರೆ ಬೇಕಾದಷ್ಟು ವಿಡಿಯೋ ಸಿಗುತ್ತವೆ. ಮಾಡಿಟ್ಟದ್ದು ಎಷ್ಟು ದಿನ ಕೆಡದೆ ಉಳಿಯುತ್ತದೆ ಅಂತ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಕಾರವಾರದಂಥ ಊರಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ಇಲ್ಲಿ ಮನೆಯೊಳಗೆ ಹರವಿದ ಬಟ್ಟೆಯೇ ಒಣಗುವುದಿಲ್ಲ.

ಇರಲಿ, ಮೊದಲು ಒಳ್ಳೆಯದನ್ನು ಹೇಳುತ್ತೇನೆ. ನಮ್ಮ ಮನೆ ಮಾಜಾಳಿ ಕಡೆ, ಸಮುದ್ರಕ್ಕೆ ಹತ್ತಿರ. ಮೇ ಬಂತೆಂದರೆ ಬಾವಿ ನೀರು ಉಪ್ಪಾಗುತ್ತದೆ. ಆ ನೀರಲ್ಲಿ ಸೋಪು ಎಷ್ಟು ಉಜ್ಜಿದರೂ ನೊರೆ ಇಲ್ಲ, ಬಕೆಟ್ಟಿನ ಅಂಚಿಗೆ ಬಿಳಿ ಗಸಿ ಕಟ್ಟುತ್ತದೆ. ಅಂಟುವಾಳಕ್ಕೆ ಈ ತಕರಾರಿಲ್ಲ. ಅದರ ಸಿಪ್ಪೆಯಲ್ಲಿರುವ ಸಪೋನಿನ್ ಎಂಬ ನೊರೆಯ ಅಂಶ ಗಡಸು ನೀರಲ್ಲೂ ನೊರೆ ಕೊಡುತ್ತದೆ, ಗಸಿ ಕಟ್ಟುವುದಿಲ್ಲ. ನೊರೆ ಬೇಗ ಇಳಿಯುವುದರಿಂದ ಜಾಲಿಸಲು ನೀರೂ ಕಡಿಮೆ ಸಾಕು. ಬಾವಿಯ ತಳ ಕಾಣುವ ಹೊತ್ತಲ್ಲಿ ಇದು ಸಣ್ಣ ಲಾಭ ಅಲ್ಲ.

ಮಾಡುವ ಕೆಲಸ ನನಗೆ ಇಷ್ಟ, ಅದನ್ನು ಮುಚ್ಚಿಡುವುದಿಲ್ಲ. ಶನಿವಾರ ರಾತ್ರಿ ಊಟ ಆದ ಮೇಲೆ ಹಿತ್ತಲ ಜಗಲಿಯಲ್ಲಿ ಕೂತು ಕಾಯಿ ಜಜ್ಜುತ್ತೇನೆ. ಕಪ್ಪು ಬೀಜ ಟಣ್ ಅಂತ ಹಾರಿ ಎಲ್ಲೋ ಹೋಗುತ್ತದೆ, ಮಕ್ಕಳು ಹೆಕ್ಕಿ ಡಬ್ಬಿಗೆ ತುಂಬುತ್ತಾರೆ. ಒಂದು ಹಿಡಿ ಸಿಪ್ಪೆಯನ್ನು ಬಿಸಿನೀರಲ್ಲಿ ನೆನೆಹಾಕಿದರೆ ಬೆಳಿಗ್ಗೆಗೆ ಮೆತ್ತಗಾಗಿರುತ್ತದೆ. ಬಚ್ಚಲ ಒಲೆಯಲ್ಲಿ ತೆಂಗಿನ ಮಡಲು ಉರಿದು ಕೆಂಡವಾದ ಮೇಲೆ ಅದರ ಮೇಲೆಯೇ ಪಾತ್ರೆ ಇಡುತ್ತೇನೆ, ಗ್ಯಾಸ್ ಖರ್ಚಿಲ್ಲ. ಇಪ್ಪತ್ತು ನಿಮಿಷ ಕುದಿಸಿ, ತಣಿದ ಮೇಲೆ ಕೈಯಲ್ಲೇ ಹಿಸುಕಿ, ಹಳೇ ಪಂಚೆ ತುಂಡಲ್ಲಿ ಸೋಸಬೇಕು. ಹಿಸುಕುವಾಗ ಬೆರಳ ಸಂದಿಯಿಂದ ಬರುವ ಕಂದು ನೊರೆ, ಆ ಹುಳಿ-ಸಿಹಿ ವಾಸನೆ, ಅದೇನೋ ಸಮಾಧಾನ. ಆದರೆ ಕಣ್ಣಿಗೆ ಸಿಡಿಯದ ಹಾಗೆ ನೋಡಿಕೊಳ್ಳಿ, ಸಿಕ್ಕಾಪಟ್ಟೆ ಉರಿ.

ಈಗ ಸಿಟ್ಟಿನ ವಿಷಯ. ಸಿಪ್ಪೆಯಲ್ಲಿ ಸಕ್ಕರೆ ಅಂಶವೂ ಇರುವುದರಿಂದ ಈ ನೀರು ಹುಳಿಯುತ್ತದೆ. ಬೇಸಿಗೆಯಲ್ಲಿ ಹೊರಗಿಟ್ಟರೆ ಎರಡು ಮೂರು ದಿನ, ಫ್ರಿಜ್ಜಲ್ಲಿ ಒಂದು ವಾರ. ಮಳೆಗಾಲದಲ್ಲಿ ಮಾರನೇ ದಿನವೇ ಮೇಲೆ ಬಿಳಿ ಪೊರೆ, ಮುಚ್ಚಳ ತೆಗೆದರೆ ಬುಸ್! ಆ ನಾತಕ್ಕೆ ಅಡಿಗೆಮನೆಯಲ್ಲಿ ನಿಲ್ಲುವುದು ಬೇಡ. ನಿಂಬೆರಸ ಹಿಂಡಿದರೆ ಹೆಚ್ಚೆಂದರೆ ಇನ್ನೊಂದು ದಿನ. ಹಾಗಾದರೆ ಸಿಪ್ಪೆ ಒಣಗಿಸಿಟ್ಟು ಬೇಕಾದಾಗ ಮಾಡಿಕೊಳ್ಳೋಣ ಅಂದರೆ, ಅದೂ ಗಾಳಿಯ ತೇವ ಎಳೆದುಕೊಂಡು ಜುಲೈ ಹೊತ್ತಿಗೆ ಡಬ್ಬಿಯೊಳಗೆ ಹಳೇ ಹುಣಸೆ ಉಂಡೆಯ ಹಾಗೆ ಒಂದೇ ಮುದ್ದೆ. ಚಾಕು ಹಾಕಿ ಎಬ್ಬಿಸಬೇಕು. ಕಡೆಗೆ ಉಳಿದ ದಾರಿ ಐಸ್ ಟ್ರೇ. ಸೋಸಿದ ನೀರನ್ನು ಟ್ರೇಗೆ ಹೊಯ್ದು ಗಟ್ಟಿ ಮಾಡಿ, ದಿನಕ್ಕೆ ಎರಡು ತುಂಡು ತೆಗೆದುಕೊಳ್ಳಬಹುದು. ಕೆಲಸ ನಡೆಯುತ್ತದೆ, ಕರೆಂಟ್ ಇದ್ದರೆ. ನಮ್ಮಲ್ಲಿ ಗಾಳಿಮಳೆಗೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು.

ಇನ್ನು ಮೀನು. ಬಂಗಡೆ ಹುರಿದ ಕಾವಲಿಯನ್ನು ಬರೀ ಅಂಟುವಾಳದಲ್ಲಿ ತೊಳೆದಿಟ್ಟಿದ್ದೆ. ಅತ್ತೆ ಎತ್ತಿ ಮೂಸಿ ನೋಡಿ, "ಇದನ್ನ ತೊಳೆದಿದ್ದೀಯೋ, ಸುಮ್ನೆ ನೆನೆಸಿ ತೆಗೆದಿದ್ದೀಯೋ?" ಅಂದರು. ಅವರ ಕ್ರಮವೇ ಸರಿ. ಮೊದಲು ಒಲೆಯ ಬೂದಿ ಮತ್ತು ತೆಂಗಿನ ಕತ್ತ. ಬೂದಿಯ ಕ್ಷಾರ ಜಿಡ್ಡು ಬಿಡಿಸುತ್ತದೆ. ಆಮೇಲೆ ಒಂದು ಬಿಂಬಲಿ ಅನ್ನುವ ಹುಳಿ ಕಾಯಿ ಸೀಳಿ ಉಜ್ಜಿದರೆ ನಾತವೂ ಹೋಯಿತು. ಹಿತ್ತಾಳೆ ದೀಪಕ್ಕೂ ಬಿಂಬಲಿಯೇ. ಅದು ಸಿಗದಿದ್ದಾಗ ಕಪ್ಪಾಗಿ ಅಡಿಗೆಗೆ ಬಾರದ ಮುರುಗಲ (ಕೋಕಂ) ಸಿಪ್ಪೆ. ಉಜ್ಜಿದ ಕೂಡಲೇ ತೊಳೆದು ಒರೆಸಬೇಕು, ಇಲ್ಲವಾದರೆ ಕಲೆ ಕೂರುತ್ತದೆ. ವಿಡಿಯೋಗಳಲ್ಲಿ ವಿನೆಗರ್ ಮತ್ತು ಅಡಿಗೆ ಸೋಡಾ ಒಟ್ಟಿಗೆ ಸುರಿದು ನೊರೆ ತೋರಿಸುತ್ತಾರಲ್ಲ, ಅದು ಬರೀ ಆಟ. ಹುಳಿಯೂ ಸೋಡಾವೂ ಒಂದನ್ನೊಂದು ತಿಂದುಹಾಕುತ್ತವೆ, ಉಜ್ಜಲು ಏನೂ ಉಳಿಯುವುದಿಲ್ಲ.

ಅಂಗಳದ ಪಾಚಿಗೆ ಇದ್ಯಾವುದೂ ಸಾಲದು. ಅಲ್ಲಿಗೆ ಬ್ಲೀಚಿಂಗ್ ಪೌಡರೇ, ನನಗೆ ಅದರ ಬಗ್ಗೆ ಮಡಿವಂತಿಕೆ ಇಲ್ಲ. ಆದರೆ ಅದರ ಜೊತೆ ಬಿಂಬಲಿ, ವಿನೆಗರ್, ಯಾವ ಹುಳಿಯನ್ನೂ ಸೇರಿಸಬೇಡಿ, ಕ್ಲೋರಿನ್ ಗ್ಯಾಸ್ ಏಳುತ್ತದೆ. ಹಾಗೆಯೇ ಅಂಟುವಾಳದ ನೀರನ್ನು ಗಪ್ಪಿ ಮೀನು ಬಿಟ್ಟ ತೊಟ್ಟಿ, ಬಾವಿಯ ಹತ್ತಿರ ಚೆಲ್ಲಬೇಡಿ. ಸಪೋನಿನ್ ಮೀನಿಗೆ ವಿಷ. ನ್ಯಾಚುರಲ್ ಅಂದ ಮಾತ್ರಕ್ಕೆ ಎಲ್ಲರಿಗೂ ಒಳ್ಳೆಯದು ಅಂತ ಏನಿಲ್ಲ.

ಇಷ್ಟೆಲ್ಲ ಬೈದೂ ಯಾಕೆ ಬಿಟ್ಟಿಲ್ಲ ಅಂದರೆ, ಸೀರೆಗಾಗಿ. ಪಾತ್ರೆಗೆಂದು ಮಾಡಿದ್ದು ಉಳಿದಿತ್ತು, ಒಂದು ಹಳೇ ರೇಷ್ಮೆ ಸೀರೆ ಅದ್ದಿ ತೆಗೆದೆ. ಬಣ್ಣ ಬಿಡಲಿಲ್ಲ, ಸೆರಗು ಬಿರುಸಾಗಲಿಲ್ಲ, ಕೈಗೆ ಮೆತ್ತಗೆ ಬಂತು. ಡ್ರೈಕ್ಲೀನಿಂಗ್ ದುಡ್ಡು ಉಳಿಯಿತು. ಚಿನ್ನದ ಸರವನ್ನೂ ಈಗ ಇದರಲ್ಲೇ ಮೆತ್ತನೆ ಬ್ರಷ್ ಹಾಕಿ ತೊಳೆಯುತ್ತೇನೆ, ಅಕ್ಕಸಾಲಿಗರು ಹಿಂದಿನಿಂದ ಮಾಡುತ್ತಿದ್ದದ್ದೂ ಇದೇ. ಬಿಳಿ ಪಂಚೆ ಮಾತ್ರ ಹಾಕಬೇಡಿ, ತಿಂಗಳಲ್ಲಿ ಹಳದಿ ಬಣ್ಣ ಏರುತ್ತದೆ.

ನನ್ನ ಲೆಕ್ಕ: ಸೀರೆ, ಸರಕ್ಕೆ ಐದಕ್ಕೆ ಐದು. ಬೇಸಿಗೆಯ ಪಾತ್ರೆಗೆ ನಾಲ್ಕು. ಮಳೆಗಾಲಕ್ಕೆ ಎರಡು, ಅದೂ ಐಸ್ ಟ್ರೇಗೆ ಕೊಟ್ಟದ್ದು. ಜೂನ್‌ನಿಂದ ಸೆಪ್ಟೆಂಬರ್ ತನಕ ನಾನು ಅಂಗಡಿಯ ಪಾತ್ರೆ ಸೋಪಿಗೇ ಹೋಗುತ್ತೇನೆ. ಫ್ಲಾಟಿನಲ್ಲಿ ಗ್ಯಾಸ್ ಮೇಲೆ ಕುದಿಸುವವರಿಗೆ ಉಳಿತಾಯವೂ ಅಷ್ಟೇನಿಲ್ಲ. ಕೊಳ್ಳುವುದಾದರೆ ಏಪ್ರಿಲ್ ಒಳಗೆ ಕೊಳ್ಳಿ, ಇಡೀ ಕಾಯಿ ಕೇಳಿ. ಬೀಜ ತೆಗೆದದ್ದಕ್ಕೆ ರೇಟು ಜಾಸ್ತಿ, ಹಳೆಯದೋ ಹೊಸದೋ ಗೊತ್ತಾಗುವುದೂ ಇಲ್ಲ. ನಾನು ಶಿರಸಿ ಕಡೆ ಹೋದಾಗ ಗ್ರಂಥಿಗೆ ಅಂಗಡಿಯಲ್ಲಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿಯೇ ತರುವುದು. ಒಳಗೆ ಬೀಜ ಗಲಗಲ ಅಂದರೆ ಚೆನ್ನಾಗಿ ಒಣಗಿದೆ ಅಂತ.